ಶಿವಮಲ್ಲಪ್ಪನವರ ಅಭ್ಯಾಸದ ಲಗ್ನಪತ್ರಿಕೆ

ಶಿವಮಲ್ಲಪ್ಪನವರು ಇಪ್ಪತ್ನಾಲ್ಕು ವರ್ಷ ಲೋಕವನ್ನು ಉಲ್ಟಾ ಓದಿದವರು. ಇದು ಅವರ ಸ್ವಭಾವದ ದೋಷವಲ್ಲ, ಕಸುಬಿನ ಗುಣ. ಲಷ್ಕರ್ ಮೊಹಲ್ಲಾದ ಸಿದ್ದಲಿಂಗಸ್ವಾಮಿಯವರ ಪ್ರೆಸ್ಸಿನಲ್ಲಿ ಅವರು ಕಂಪೋಸಿಟರ್. ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುವ ಕೆಲಸ. ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುಗಿಕೊಂಡಿರುತ್ತದೆ, ಕಾಗದದ ಮೇಲೆ ಒತ್ತಿದಾಗ ನೆಟ್ಟಗಾಗುತ್ತದೆ. ಹೀಗಾಗಿ ನೆಟ್ಟಗಿರುವ ಅಕ್ಷರ ಕಂಡರೆ ಅವರಿಗೆ ಏನೋ ತಪ್ಪಾಗಿದೆ ಎಂದೇ ಅನುಮಾನ. ಬಸ್ಸಿನ ಬೋರ್ಡು ಓದುವಾಗಲೂ ಕತ್ತು ಓರೆ ಮಾಡುತ್ತಿದ್ದರು. ಅವರ ಮನೆಯಿದ್ದ ಒಂಟಿಕೊಪ್ಪಲಿನ ಅರ್ಧ ಜನ ಅವರಿಗೆ ಕತ್ತುನೋವು ಎಂದು ನಂಬಿದ್ದರು. ಉಳಿದ ಅರ್ಧ ಜನ ಒಳ್ಳೆಯ ಎಣ್ಣೆಯ ಹೆಸರನ್ನೂ ಹೇಳಿದ್ದರು.

ಕಸುಬಿನ ಇನ್ನೆರಡು ನೇಮಗಳನ್ನು ಅವರು ಎಂದೂ ತಪ್ಪಿದವರಲ್ಲ. ಒಂದು, ಅಚ್ಚಾದ ಮೇಲೆ ಮೊಳೆ ಬಿಚ್ಚುವುದು. ಜೋಡಿಸಿದ್ದನ್ನೆಲ್ಲ ಕಳಚಿ ‘ಕ’ವನ್ನು ‘ಕ’ದ ಗೂಡಿಗೆ, ‘ರ’ವನ್ನು ‘ರ’ದ ಗೂಡಿಗೆ ಹಾಕದಿದ್ದರೆ ನಾಳೆಯ ಕೆಲಸಕ್ಕೆ ಅಕ್ಷರವೇ ಇರುವುದಿಲ್ಲ. ಸಾವಿರಾರು ಮದುವೆಗಳನ್ನು ಜೋಡಿಸಿದ ಆ ಕೈ ಅಷ್ಟನ್ನೂ ಸಂಜೆಯೊಳಗೆ ಬಿಚ್ಚಿಯೂ ಇತ್ತು. ಇನ್ನೊಂದು, ಯಾರ ಮನೆಯ ಲಗ್ನಪತ್ರಿಕೆಯಾದರೂ ಸರಿ, ಮೊದಲ ಪ್ರತಿಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದೆ ಇಡುವುದು. ಅರಿಶಿನ ಬಿದ್ದ ಮೇಲೆ ಅದು ಕಾಗದವಲ್ಲ, ಮದುವೆ.

ಎರಡು ಸಾವಿರದ ಒಂದನೇ ಇಸವಿಯ ಆಷಾಢದಲ್ಲಿ ಸಿದ್ದಲಿಂಗಸ್ವಾಮಿಯವರು ಕೈಗೆ ಹತ್ತಿದ ಮಸಿ ಒರೆಸುತ್ತಾ ಬಂದು ಹೇಳಿದರು: "ಶಿವಮಲ್ಲಪ್ಪ, ಈ ಮೊಳೆಗಳನ್ನೆಲ್ಲ ತೂಕಕ್ಕೆ ಹಾಕ್ಬುಡ್ತೀನಿ. ಆಯುಧ ಪೂಜೆಗೆ ಕಂಪ್ಯೂಟರ್ ಬರುತ್ತೆ."

"ಬರ್ಲಿ ಯಜಮಾನ್ರೆ. ಎಲ್ಲಿಡೋದು?"

"ನಿಮ್ಮ ಜಾಗದಲ್ಲಿ."

"ನನ್ನೆಲ್ಲಿಡೋದು?"

ಯಜಮಾನರು ಕೆಟ್ಟವರಲ್ಲ. "ನೋಡಿ, ಹಬ್ಬದೊಳಗೆ ನಿಮ್ಮ ಕೈಯಾರೆ ಒಂದು ಲಗ್ನಪತ್ರಿಕೆ ಕಂಪ್ಯೂಟರ್‌ನಲ್ಲಿ ಮಾಡಿ ತಂದು ತೋರ್ಸಿ. ತೋರ್ಸಿದ್ರೆ ಅದರ ಮುಂದಿನ ಕುರ್ಚಿ ನಿಮ್ದು. ಇಲ್ದಿದ್ರೆ ಕಲ್ತಿರೋರು ಯಾರ್ನಾದ್ರೂ ತರ್ಬೇಕಾಗುತ್ತೆ. ಆಮೇಲೆ ನನ್ನ ಬೈಕೋಬೇಡಿ."

ಮನೆಯಲ್ಲಿ ಈ ಸುದ್ದಿ ಕೇಳಿದ ಹೆಂಡತಿ ಭಾಗ್ಯಮ್ಮ ಮೊರದಲ್ಲಿದ್ದ ಅಕ್ಕಿಯಿಂದ ತಲೆ ಎತ್ತಲಿಲ್ಲ. "ಕಲೀರಿ. ನಲವತ್ತೇಳು ವಯಸ್ಸೇನು ದೊಡ್ಡದಲ್ಲ. ಅಕ್ಕೀಲಿ ಕಲ್ಲು ಆರಿಸೋ ಕೆಲಸ ಬೇಕಂದ್ರೆ ಇದು ಯಾವಾಗ್ಲೂ ಇದ್ದೇ ಇದೆ."

"ಅಳೀಂದ್ರಿಗೆ ಕನ್ನಡಕ ಬೇಕಾಗುತ್ತೆ" ಎಂದರು ಒಳಗಿನಿಂದ ಅತ್ತೆ ಬಸಮ್ಮ. ಅವರು ಶಿವರಾತ್ರಿ ಹಬ್ಬಕ್ಕೆಂದು ಮಗಳ ಮನೆಗೆ ಬಂದಿದ್ದರು. ಹಬ್ಬ ಮುಗಿದು ಐದು ತಿಂಗಳಾಗಿತ್ತು.

ಕಂಪ್ಯೂಟರ್ ತರಗತಿ ಇದ್ದದ್ದು ಅದೇ ಒಂಟಿಕೊಪ್ಪಲಿನಲ್ಲಿ, ಚೆಲುವಯ್ಯನ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಗಿರಣಿ ತಿರುಗಿದರೆ ಮೇಲೆ ಕಂಪ್ಯೂಟರ್‌ಗಳು ನಡುಗುತ್ತಿದ್ದವು. ಕೆಳಗೆ ರಾಗಿ ಹಾಕಿದರೆ ಮೇಲೆ ಪರದೆ ಮಂಕಾಗುತ್ತಿತ್ತು. ವಿದ್ಯಾರ್ಥಿಗಳು ಪಾಠ ಮುಗಿಸಿ ಹೊರಗೆ ಬಂದಾಗ ಹುಬ್ಬಿನ ಮೇಲೆ ಒಂದು ಪದರ ಹಿಟ್ಟು ಕೂತಿರುತ್ತಿದ್ದುದರಿಂದ ಎಲ್ಲರೂ ಬಹಳ ವರ್ಷ ಓದಿದವರ ಹಾಗೆ ಕಾಣುತ್ತಿದ್ದರು. ಹೇಳಿಕೊಡುತ್ತಿದ್ದವಳು ಲಾಸ್ಯ, ಇಪ್ಪತ್ತೆರಡರ ಹುಡುಗಿ.

ಮೊದಲ ದಿನವೇ ಶಿವಮಲ್ಲಪ್ಪನವರು ಸೀಮೆಎಣ್ಣೆ ಬಾಟಲಿ, ಹಳೆಯ ಬಟ್ಟೆಯ ಸಮೇತ ಹಾಜರಾದರು.

"ಅಂಕಲ್, ಇದ್ಯಾಕೆ?"

"ಕೆಲಸ ಆದ್ಮೇಲೆ ತೊಳೀಬೇಕಲ್ಲ ಮೇಡಮ್ಮೋರೆ. ಮೊಳೆ ತೊಳೆಯೋದು ಸೀಮೆಎಣ್ಣೇಲೇ."

ಲಾಸ್ಯ ಬಾಟಲಿಯನ್ನು ಎರಡೂ ಕೈಯಿಂದ ಇಸಿದುಕೊಂಡು ಮೆಟ್ಟಿಲ ಕೆಳಗೆ ಇಟ್ಟು ಬಂದಳು. ಅವಳ ಪದ್ಧತಿ ಸರಳ. ಸುಮ್ಮನೆ ಪಾಠ ಹೇಳುವುದಿಲ್ಲ, ಒಂದೊಂದು ಸಣ್ಣ ಪ್ರಾಜೆಕ್ಟ್ ಕೊಡುತ್ತಾಳೆ, ಮಾಡುತ್ತಾ ಮಾಡುತ್ತಾ ಕಲಿಯಬೇಕು. ಮೊದಲನೆಯದು ಒಂದು ಮಾವಿನಕಾಯಿ ಬರೆಯುವುದು. ಶಿವಮಲ್ಲಪ್ಪನವರು ಮೌಸನ್ನು ಎಡಕ್ಕೆಳೆದರೆ ಕಾಯಿ ಬಲಕ್ಕೆ ಉಬ್ಬಿತು, ಬಲಕ್ಕೆಳೆದರೆ ಬಾಲ ಬಂತು. ಒಂಬತ್ತು ದಿನ ಬಿಡದೆ ಬರೆದರು. ಒಂಬತ್ತನೆಯ ದಿನ ಅದು ನಿಸ್ಸಂಶಯವಾಗಿ ಬದನೆಕಾಯಿಯಾಯಿತು. ಹದಿನಾಲ್ಕನೆಯ ದಿನ ಮಾವಿನಕಾಯಿಯಾಯಿತು. ಆ ದಿನ ಅವರು ಮನೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ಕಾರಣವಿಲ್ಲದೆ ನಮಸ್ಕಾರ ಹೇಳಿದರು.

ಎರಡನೆಯ ಪ್ರಾಜೆಕ್ಟ್ ವಿಸಿಟಿಂಗ್ ಕಾರ್ಡು. ಇಲ್ಲಿ ಒಂದು ತೊಡಕು ಬಂತು. ಯಾರಾದರೂ ಬರೆದುಕೊಟ್ಟದ್ದನ್ನು ಜೋಡಿಸಿ ಗೊತ್ತೇ ಹೊರತು, ಸ್ವಂತವಾಗಿ ಒಂದು ಹೆಸರನ್ನು ಹುಟ್ಟಿಸಿ ಅವರಿಗೆ ಅಭ್ಯಾಸವಿಲ್ಲ. ಕೊನೆಗೆ ಮನೆಯಲ್ಲಿ ಸದಾ ಕಣ್ಣೆದುರಿಗಿರುತ್ತಿದ್ದ ಅತ್ತೆಯವರ ಹೆಸರನ್ನೇ ಹಾಕಿದರು: ‘ಬಸಮ್ಮ, ಒಂಟಿಕೊಪ್ಪಲ್. ಭೇಟಿಯ ಸಮಯ: ಮಧ್ಯಾಹ್ನದ ನಿದ್ದೆಯ ನಂತರ.’ ಬಸಮ್ಮ ಹತ್ತು ಪ್ರತಿ ಕೇಳಿ ಪಡೆದು, ಸೊಪ್ಪಿನವಳಿಗೆ ಎರಡು, ಹಾಲಿನವನಿಗೆ ಒಂದು ಕೊಟ್ಟು, ಉಳಿದವನ್ನು ಸೊಂಟದ ಚೀಲದಲ್ಲಿಟ್ಟುಕೊಂಡರು.

ಎಲ್ಲ ಸರಿಹೋಗುತ್ತಿತ್ತು, ಒಂದು ಬಿಟ್ಟು. ಪ್ರತಿದಿನ ಪಾಠ ಮುಗಿದ ಮೇಲೆ ಶಿವಮಲ್ಲಪ್ಪನವರು ತಾವು ಮಾಡಿದ್ದನ್ನು ಕೊನೆಯ ಅಕ್ಷರದಿಂದ ಹಿಡಿದು ಒಂದೊಂದಾಗಿ ಅಳಿಸಿ ಎದ್ದು ಹೋಗುತ್ತಿದ್ದರು.

"ಅಂಕಲ್, ಸೇವ್ ಮಾಡಿ! ಯಾಕೆ ಅಳಿಸ್ತೀರಿ?"

"ಬಿಚ್ಬೇಕಲ್ಲ ಮೇಡಮ್ಮೋರೆ. ನಾನು ಇಷ್ಟೊಂದು ‘ಮ’ ಇಟ್ಕೊಂಡು ಕೂತ್ರೆ, ಮುಂದಿನ ಬ್ಯಾಚಿನೋರಿಗೆ ‘ಮ’ ಸಾಲದೆ ಬಂದ್ರೆ?"

ಇದರೊಳಗೆ ಮುಗಿಯದಷ್ಟು ‘ಮ’ ಇದೆ ಎಂದು ಲಾಸ್ಯ ಎಷ್ಟೋ ಸಲ ಹೇಳಿದಳು. ಇಪ್ಪತ್ನಾಲ್ಕು ವರ್ಷ ‘ಮ’ಕ್ಕಾಗಿ ಪಕ್ಕದ ಪ್ರೆಸ್ಸಿಗೆ ಓಡಿದ ಮನುಷ್ಯನಿಗೆ ಅಂಥ ಮಾತು ನಂಬುವುದು ಸುಲಭವಲ್ಲ.

ಹಬ್ಬಕ್ಕೆ ಹತ್ತು ದಿನವಿರುವಾಗ ಕೊನೆಯ ಪ್ರಾಜೆಕ್ಟ್ ಬಂತು, ಲಗ್ನಪತ್ರಿಕೆ. "ಯಾವುದಾದ್ರೂ ಹೆಸರು ಹಾಕಿ ಅಂಕಲ್, ಅಭ್ಯಾಸಕ್ಕೆ ತಾನೇ" ಎಂದಳು ಲಾಸ್ಯ. ಯಾವುದಾದರೂ ಹೆಸರು ಹಾಕಿ ಕಾಗುಣಿತ ತಪ್ಪಿದರೆ? ಶಿವಮಲ್ಲಪ್ಪನವರಿಗೆ ತಪ್ಪಿಲ್ಲದೆ ಗೊತ್ತಿದ್ದದ್ದು ಎರಡೇ ಮನೆಯ ಹೆಸರುಗಳು. ಒಂದು ಯಜಮಾನರ ಮನೆ. ಅಲ್ಲಿ ಮದುವೆ ವಯಸ್ಸಿಗೆ ಬಂದವನು ಮಗ ಶಿವಕುಮಾರ. ಇನ್ನೊಂದು ಹೆಂಡತಿಯ ತವರು. ಅಲ್ಲಿ ಭಾಗ್ಯಮ್ಮನ ಅಣ್ಣ ಚನ್ನಬಸವಯ್ಯನವರ ಮಗಳು ಅಕ್ಷತಾ, ಬಿ.ಕಾಂ. ಕೊನೆಯ ವರ್ಷ. ವರ ಸಿಕ್ಕಿದ, ವಧು ಸಿಕ್ಕಿದಳು. ಮುಹೂರ್ತಕ್ಕೆ ಕ್ಯಾಲೆಂಡರ್ ನೋಡಿ, ಕಪ್ಪಗೆ ದುಂಡಗೆ ಎದ್ದು ಕಾಣುತ್ತಿದ್ದ ಒಂದು ತಾರೀಖನ್ನು ಆರಿಸಿದರು. ಕೆಳಗೆ ಸುಖಾಗಮನ ಬಯಸುವವರೆಂದು ಹನ್ನೆರಡು ಜನ. ಸುತ್ತಲೂ ಮಾವಿನಕಾಯಿಯ ಅಂಚು. ತಳದಲ್ಲಿ, ಪದ್ಧತಿಯಂತೆ, ಪ್ರೆಸ್ಸಿನ ಹೆಸರು ಮತ್ತು ಫೋನ್ ನಂಬರು.

ಶನಿವಾರ ಸಂಜೆ ಒಂದು ಪ್ರತಿ ಅಚ್ಚಾಯಿತು. ಬಣ್ಣದಲ್ಲಿ! ಕಂಪ್ಯೂಟರ್‌ನಲ್ಲಿದ್ದುದನ್ನು ಶಿವಮಲ್ಲಪ್ಪನವರು ಎಂದಿನಂತೆ ಕೊನೆಯ ಅಕ್ಷರದಿಂದ ಬಿಚ್ಚಿದರು. ಸೋಮವಾರ ಯಜಮಾನರಿಗೆ ತೋರಿಸುವುದೆಂದು ಗಟ್ಟಿ ಮಾಡಿಕೊಂಡು ಮನೆಗೆ ಬಂದರು. ಕೈಕಾಲು ತೊಳೆದರು. ಆಮೇಲೆ ಅವರ ಕೈ, ಅವರನ್ನು ಒಂದು ಮಾತೂ ಕೇಳದೆ, ಅರಿಶಿನದ ಬಟ್ಟಲಿಗೆ ಹೋಯಿತು. ನಾಲ್ಕು ಮೂಲೆಗೂ ಹಚ್ಚಿ ದೇವರ ಗೂಡಿನಲ್ಲಿ ಇಟ್ಟಿತು.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ತರಕಾರಿಗೆ ಹೋಗಿದ್ದಾಗ ಬಸಮ್ಮ ದೀಪ ಹಚ್ಚಲು ಹೋದರು. ಅಲ್ಲಿ ಮೊಮ್ಮಗಳ ಮದುವೆ ಅರಿಶಿನ ಹಚ್ಚಿಸಿಕೊಂಡು ಕೂತಿತ್ತು.

ಅವರು ಪತ್ರಿಕೆಯನ್ನು ಎದೆಗೆ ಒತ್ತಿಕೊಂಡು ಮೂಲೆಯ ಟೆಲಿಫೋನ್ ಬೂತಿಗೆ ನಡೆದರು. ಮೊದಲು ಬೋಗಾದಿಯಲ್ಲಿದ್ದ ಮಗನಿಗೆ: "ಚನ್ನಬಸವ, ಹೆತ್ತ ಅವ್ವಂಗೆ ಹೇಳ್ದೆ ಮಗಳ ಮದುವೆ ಮಾಡ್ತೀಯೇನೋ?" ಚನ್ನಬಸವಯ್ಯನವರು ಬಾಯಿ ಬಿಡುವಷ್ಟರಲ್ಲಿ ಅವರು ಫೋನ್ ಇಟ್ಟು, ಪತ್ರಿಕೆಯ ತಳದಲ್ಲಿದ್ದ ನಂಬರನ್ನು ಒತ್ತಿಸಿದರು. ಅದು ಪ್ರೆಸ್ಸಿನದೂ ಹೌದು, ಯಜಮಾನರ ಮನೆಯದೂ ಹೌದು.

"ನಮಸ್ಕಾರ ಬೀಗ್ರೆ. ನಾನು ಹುಡುಗಿ ಅಜ್ಜಿ. ಅಲ್ಲಾ, ಅಮಾವಾಸ್ಯೆ ದಿನ ಮುಹೂರ್ತ ಇಟ್ಟಿದ್ದೀರಲ್ಲ, ನಿಮ್ಮನೇಲಿ ಹಿರೇರು ಅಂತ ಯಾರೂ ಇಲ್ವಾ?"

ಬೂತಿನಿಂದ ಹೊರಗೆ ಬಂದವರು ಎದುರಿಗೆ ಸಿಕ್ಕ ನಾಲ್ವರಿಗೆ ತಮ್ಮ ವಿಸಿಟಿಂಗ್ ಕಾರ್ಡು ಕೊಟ್ಟು, "ಮದುವೆ ವಿಚಾರ ಏನಿದ್ರೂ ನನ್ನನ್ನ ಕಾಣಿ" ಎಂದರು.

ಹನ್ನೊಂದು ಗಂಟೆಗೆ ಬೋಗಾದಿಯಿಂದ ಆಟೋ ಬಂತು. ಮೊದಲು ಇಳಿದವರು ಚನ್ನಬಸವಯ್ಯ. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದ ಅವರ ಜೇಬಿನಲ್ಲಿ ಸದಾ ಒಂದು ಅಳತೆ ಟೇಪು. ಆಮೇಲೆ ಹೆಂಡತಿ ಪ್ರೇಮಲೀಲಾ. ಕೊನೆಗೆ ಕೈಯಲ್ಲಿ ಪಠ್ಯಪುಸ್ತಕ ಹಿಡಿದ ಅಕ್ಷತಾ. ತರಕಾರಿ ಚೀಲ ಹಿಡಿದು ಬಾಗಿಲಲ್ಲೇ ನಿಂತ ಶಿವಮಲ್ಲಪ್ಪನವರು, ಅತ್ತೆಯ ಕೈಯಲ್ಲಿದ್ದ ಪತ್ರಿಕೆ ಕಂಡು, ಮೂವರಿಗೂ ಮೊದಲಿನಿಂದ ಕೊನೆಯವರೆಗೆ ವಿವರಿಸಿದರು. ಇದು ಮದುವೆಯಲ್ಲ, ಅಭ್ಯಾಸ. ಇದು ಪತ್ರಿಕೆಯಲ್ಲ, ಪ್ರಾಜೆಕ್ಟ್.

ಚನ್ನಬಸವಯ್ಯನವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. "ಆಯ್ತು ಭಾವ, ಅರ್ಥವಾಯ್ತು. ಅಭ್ಯಾಸ. ಆದ್ರೆ ಹುಡುಗಿ ಅಪ್ಪ ನಾನು. ನನ್ನ ಹೆಸರು ಮೂರನೇ ಸಾಲಲ್ಲಿ ಯಾಕಿದೆ?"

"ಅಲ್ಲಿ ಜಾಗ ಇತ್ತು ಭಾವ."

"ಜಾಗ!" ಎಂದರು ಪ್ರೇಮಲೀಲಾ. "ನನ್ನ ತವರಿನೋರು ಒಬ್ರ ಹೆಸರೂ ಇಲ್ಲ ಇದ್ರಲ್ಲಿ. ನಾನೇನು ಹುತ್ತದಿಂದ ಎದ್ದು ಬಂದೋಳಾ?"

"ಅತ್ತಿಗೆ, ಅಭ್ಯಾಸದ್ದಲ್ವಾ" ಎಂದು ಭಾಗ್ಯಮ್ಮ ನೀರಿನ ಚೊಂಬು ತಂದರು.

"ಅದಕ್ಕೇ ಹೇಳ್ತಿರೋದು ಭಾಗ್ಯ. ಅಭ್ಯಾಸದಲ್ಲೇ ಬಿಟ್ಟೋರು ನಿಜವಾದ್ರಲ್ಲಿ ಹಾಕ್ತಾರಾ?"

ಈ ತರ್ಕವನ್ನು ಭೂಮಂಡಲದಲ್ಲಿ ಯಾರೂ ಗೆಲ್ಲಲಾರರು. ಅಷ್ಟರಲ್ಲಿ ಬಾಗಿಲಿಗೆ ಸ್ಕೂಟರ್ ಬಂದು ನಿಂತಿತು. ಸಿದ್ದಲಿಂಗಸ್ವಾಮಿಯವರ ಮುಖ ದಿನವಿಡೀ ಓಡಿದ ಅಚ್ಚಿನ ಯಂತ್ರದ ಹಾಗೆ ಬಿಸಿಯಾಗಿತ್ತು.

"ಶಿವಮಲ್ಲಪ್ಪ! ನಿಮಗೆ ಪತ್ರಿಕೆ ಮಾಡಿ ಅಂದೆ, ನನ್ನ ಮಗನ ಮದುವೆ ಮಾಡಿ ಅಂದ್ನಾ? ಬೆಳಿಗ್ಗೆಯಿಂದ ಮನೇಲಿ ಹೆಂಡ್ತಿ ನನ್ನನ್ನ, ನಾನು ಮಗನನ್ನ, ಮಗ ಗೋಡೆನ ಬೈತಾ ಕೂತಿದ್ದೀವಿ!"

"ಬನ್ನಿ ಬೀಗ್ರೆ, ಕೂತ್ಕೊಳಿ" ಎಂದರು ಬಸಮ್ಮ.

ಯಜಮಾನರು ಕೂರಲಿಲ್ಲ. ಪತ್ರಿಕೆಯನ್ನು ಬೆಳಕಿಗೆ ಹಿಡಿದರು. ಹಿಡಿದ ಮೇಲೆ ಅವರ ಸಿಟ್ಟಿನ ಬಣ್ಣ ಬದಲಾಯಿತು. ಅಂಚು ನೋಡಿದರು, ಸಾಲುಗಳ ನಡುವಿನ ಅಂತರ ನೋಡಿದರು. ತಣ್ಣಗೆ ಹೇಳಿದರು: "ಇದು ನೀವು ಮಾಡಿದ್ದಲ್ಲ. ಆ ಪಾಠ ಹೇಳೋ ಹುಡುಗಿ ಕೈಲಿ ಮಾಡಿಸಿದ್ದೀರಿ."

ಶಿವಮಲ್ಲಪ್ಪನವರಿಗೆ ಬೆಳಗಿನಿಂದ ಬಿದ್ದ ಬೈಗುಳವೆಲ್ಲ ಹೂವಿನ ಹಾಗಿತ್ತು. ಇದು ಮಾತ್ರ ಕಲ್ಲು. "ನಾನೇ ಮಾಡಿದ್ದು ಯಜಮಾನ್ರೆ. ಮಾವಿನಕಾಯಿ ಕೂಡ ನಂದೇ."

"ಹಂಗಾದ್ರೆ ಕಂಪ್ಯೂಟರ್‌ನಲ್ಲಿ ತೋರ್ಸಿ."

"ಇಲ್ಲ. ಬಿಚ್ಬುಟ್ಟೆ."

ಯಜಮಾನರೂ ಅದೇ ಕಸುಬಿನವರು. ಆ ಮಾತು ಅವರಿಗೆ ತಿಳಿಯಿತು, ಆದರೆ ಬಿಡಲಿಲ್ಲ. "ಸರಿ. ನಡೀರಿ. ನನ್ನ ಕಣ್ಣೆದುರಿಗೆ ಇನ್ನೊಂದು ಸಲ ಕಟ್ಟಿ. ಕಟ್ಟಿದ್ರೆ ಕುರ್ಚಿ ನಿಮ್ದು. ಇಲ್ಲಾಂದ್ರೆ ನಾಳೆಯಿಂದ ಬರೋದೇನೂ ಬೇಡ."

ಹೀಗೆ ಆ ಮಧ್ಯಾಹ್ನ ಒಂದು ದಿಬ್ಬಣ ಒಂಟಿಕೊಪ್ಪಲಿನ ಬೀದಿಯಲ್ಲಿ ಹೊರಟಿತು. ಮುಂದೆ ಯಜಮಾನರು, ಹಿಂದೆ ನೇಣಿಗೆ ಹೋಗುವವರ ಗಾಂಭೀರ್ಯದಲ್ಲಿ ಶಿವಮಲ್ಲಪ್ಪ, ಅವರ ಹಿಂದೆ ಬಂಧುಬಳಗ, ಎಲ್ಲರಿಗೂ ಹಿಂದೆ ಐದು ಸೇರು ರಾಗಿಯ ಚೀಲ ಹೊತ್ತ ಬಸಮ್ಮ. "ಹೆಂಗೂ ಗಿರಣಿಗೆ ಹೋಗ್ತಿದ್ದೀವಲ್ಲ" ಎಂಬುದು ಅವರ ಸಮಾಧಾನ.

ಲಾಸ್ಯಳಿಗೆ ವಿಷಯ ಹೇಳಿದ್ದಾಯಿತು. ಶಿವಮಲ್ಲಪ್ಪನವರು ಕುರ್ಚಿಯಲ್ಲಿ ಕೂತು, ಕೈ ಮುಗಿದು, ಮೌಸ್ ಹಿಡಿದರು. ಹಿಂದೆ ಆರು ಜನ ಉಸಿರು ಬಿಡುತ್ತಾ ನಿಂತರು. ಅಂಚು ಬಂತು. ಗುರುವಿನ ಸ್ಮರಣೆ ಬಂತು. ವಧೂವರರು ಬಂದರು. ಸುಖಾಗಮನ ಬಯಸುವವರ ಸಾಲು ಶುರುವಾಗುತ್ತಿದ್ದಂತೆ ಕೋಣೆಗೆ ಜೀವ ಬಂತು.

"ನಮ್ಮ ದೊಡ್ಡಪ್ಪನ ಹೆಸರು ಮೊದಲು" ಎಂದರು ಪ್ರೇಮಲೀಲಾ.

"ಅವರು ತೀರ್ಕೊಂಡು ಆರು ವರ್ಷ ಆಯ್ತಲ್ಲೇ" ಎಂದರು ಚನ್ನಬಸವಯ್ಯ.

"ತೀರ್ಕೊಂಡ್ರೆ ಮಾತ್ರ ಸುಖಾಗಮನ ಬಯಸ್ಬಾರ್ದಾ?"

"ಹಿಂಡಿ ಹಿಂಡಿ ಹಾಕ್ಬೇಡಿ ಭಾವ, ಉಸಿರಾಡೋಕೆ ಜಾಗ ಬಿಡಿ" ಎಂದು ಚನ್ನಬಸವಯ್ಯ ಪರದೆಗೆ ಟೇಪು ಹಿಡಿದರು. ಬಸಮ್ಮ ಅಮಾವಾಸ್ಯೆಯನ್ನು ತೆಗೆಸಿ ಪಂಚಮಿ ಹಾಕಿಸಿದರು. ಸಿಟ್ಟಿನಿಂದ ಬಂದ ಯಜಮಾನರೇ ತಡೆಯಲಾರದೆ, "ನಮ್ಮ ಷಡ್ಡಕರು ಬಿಟ್ಟೋದ್ರು" ಎಂದು ಗೊಣಗಿದರು. ಶಿವಮಲ್ಲಪ್ಪನವರು ಸಾಲು ಸರಿಸಿದರು, ಅಕ್ಷರ ಕುಗ್ಗಿಸಿದರು, ಅಂಚನ್ನು ಅಗಲಿಸಿದರು. ಮೂರು ತಿಂಗಳ ಪಾಠದಲ್ಲಿ ಲಾಸ್ಯ ಹೇಳಿಕೊಟ್ಟಿದ್ದಕ್ಕಿಂತ ಹೆಚ್ಚನ್ನು ನೆಂಟರು ಮುಕ್ಕಾಲು ಗಂಟೆಯಲ್ಲಿ ಕಲಿಸಿದರು.

ಮೂವತ್ತೊಂದನೆಯ ಹೆಸರಿಗೆ ಬಂದಿದ್ದರು. ಆಗ ಕೆಳಗೆ ಚೆಲುವಯ್ಯ, ಬಸಮ್ಮನವರ ರಾಗಿಯನ್ನು ಗಿರಣಿಗೆ ಸುರಿದ.

ಕೋಣೆ ನಡುಗಿತು. ಪರದೆ ಮಂಕಾಯಿತು, ಒಮ್ಮೆ ಮಿಟುಕಿತು, ಕಪ್ಪಾಯಿತು.

ಮತ್ತೆ ಬೆಳಕು ಬಂದಾಗ ಪರದೆ ಹಾಲಿನಷ್ಟು ಬೆಳ್ಳಗಿತ್ತು. ಮೂವತ್ತೊಂದು ಜನ ಬಂಧುಗಳು, ಒಂದು ಪಂಚಮಿ, ಎಲ್ಲವೂ ಹೋಗಿತ್ತು. ಮೆಟ್ಟಿಲ ಬಳಿ ಚೆಲುವಯ್ಯನ ತಲೆ ಕಂಡಿತು. "ಅಜ್ಜೀ, ನಿಮ್ಮ ರಾಗಿ ನುಣ್ಣಗೆ ಬೇಕಾ, ತರಿ ಇರ್ಲಾ?"

"ಸಾಕು ಶಿವಮಲ್ಲಪ್ಪ" ಎಂದರು ಯಜಮಾನರು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು. "ವಯಸ್ಸಾಯ್ತು ನಿಮಗೆ. ಬಿಡಿ, ಬೇರೆ ಏನಾದ್ರೂ ನೋಡೋಣ."

ಶಿವಮಲ್ಲಪ್ಪನವರು ತಿರುಗಲಿಲ್ಲ. "ಯಜಮಾನ್ರೆ, ತೊಂಬತ್ತೆರಡನೇ ಇಸವೀಲಿ ಜಾತ್ರೆ ಪುಸ್ತಕದ ನಾಲ್ಕು ಪುಟದ ಮೊಳೆ ನನ್ನ ಕೈಜಾರಿ ಬಿದ್ದು ನೆಲದ ಪಾಲಾಯ್ತಲ್ಲ, ನೆನಪಿದ್ಯಾ?"

"ಇಲ್ದೆ ಏನು? ಯಂತ್ರದ ಕೆಳಗಿಂದ್ಲೂ ಹೆಕ್ಕಿದ್ರಿ."

"ಮಾರನೇ ದಿನ ಪುಸ್ತಕ ಕೊಟ್ವಾ, ಇಲ್ವಾ?"

"ಕೊಟ್ವಿ."

"ಹಂಗಾದ್ರೆ ಕೂತ್ಕೊಳಿ. ಭಾಗ್ಯಾ, ಎಲ್ರಿಗೂ ಕಾಫಿ ತರ್ಸು. ಚೆಲುವಯ್ಯ, ಕಾಲು ಹಿಡೀತೀನಿ, ಅರ್ಧ ಗಂಟೆ ಗಿರಣಿ ನಿಲ್ಸಪ್ಪ."

ಎರಡನೆಯ ಸಲ ಅವರ ಬೆರಳು ಯಾರ ಸಲಹೆಗೂ ಕಾಯಲಿಲ್ಲ. ಮೂವತ್ತೊಂದು ಹೆಸರೂ, ಅವರವರ ಸಾಲು ಸಮೇತ, ಅವರಿಗೆ ನೆನಪಿದ್ದವು. ಪ್ರತಿ ನಾಲ್ಕು ಹೆಸರಿಗೊಮ್ಮೆ ಲಾಸ್ಯ ಬಗ್ಗಿ, "ಅಂಕಲ್, ಸೇವ್" ಎನ್ನುತ್ತಿದ್ದಳು. ಅವರು ಮನಸ್ಸಿಲ್ಲದ ಮನಸ್ಸಿನಿಂದ ಒತ್ತುತ್ತಿದ್ದರು. ಕಾಫಿ ಬರುವ ಹೊತ್ತಿಗೆ ಹೆಸರು ಮೂವತ್ತೇಳಾಗಿತ್ತು. ಮೂವತ್ತೇಳನೆಯದು ಚೆಲುವಯ್ಯನದು. ಗಿರಣಿ ನಿಲ್ಲಿಸಿದ್ದಕ್ಕೆ ಅವನು ಕೇಳಿದ್ದು ಅಷ್ಟೇ.

ಅಷ್ಟು ಹೊತ್ತೂ ಮೂಲೆಯಲ್ಲಿ ಪುಸ್ತಕ ಓದುತ್ತಿದ್ದ ಅಕ್ಷತಾ ಎದ್ದು ಬಂದಳು. "ಮಾವ, ಎಲ್ರ ತಿದ್ದುಪಡಿ ಮುಗೀತಾ? ನಂದೊಂದಿದೆ."

"ಹೇಳಮ್ಮ."

"ನನ್ನ ಹೆಸರು ತೆಗೀರಿ."

"ನನ್ನ ಮಗಂದೂ ತೆಗೀರಿ" ಎಂದರು ಯಜಮಾನರು ತಕ್ಷಣ. "ಅವನು ಇನ್ನೂ ಬಾಗಿಲು ಹಾಕ್ಕೊಂಡು ಕೂತವ್ನೆ."

ಎರಡು ಹೆಸರು ಅಳಿಸಿದ್ದಾಯಿತು. "ಹಂಗಾದ್ರೆ ಮದುವೆ ಯಾರ್ದು?" ಎಂದು ಬಸಮ್ಮ ಕೇಳಿದರು. ಯಾರೂ ಆ ಪ್ರಶ್ನೆಗೆ ಬೆಲೆ ಕೊಡಲಿಲ್ಲ. ಪ್ರೇಮಲೀಲಾ ಪರದೆಯ ಮೇಲೆ ತಮ್ಮ ತವರನ್ನು ಕಣ್ತುಂಬ ನೋಡುತ್ತಾ, "ನಮ್ಮೋರ ಹೆಸರೆಲ್ಲ ಬಂತಲ್ಲ, ಸಾಕು. ಹುಡುಗ ಹುಡುಗಿ ಆಮೇಲೆ ನೋಡ್ಕೊಂಡ್ರಾಯ್ತು" ಎಂದರು.

ಲಾಸ್ಯ ಅಚ್ಚು ಹಾಕಿದ ಹೊಸ ಪ್ರತಿಯನ್ನು ಯಜಮಾನರು ಕೈಗೆ ತೆಗೆದುಕೊಂಡರು. ತಪ್ಪು ಹುಡುಕುವಾಗ ಅವರು ಕೊನೆಯಿಂದ ಮೊದಲಿಗೆ ಓದುವವರು. ಓದಿದರು. ಇನ್ನೊಮ್ಮೆ ಓದಿದರು. ಜೇಬಿನಿಂದ ತೆಗೆದ ಕೆಂಪು ಪೆನ್ನನ್ನು ತೆರೆಯದೆ ವಾಪಸು ಇಟ್ಟರು.

"ಆಯುಧ ಪೂಜೆ ದಿನ ಬೇಗ ಬನ್ನಿ ಶಿವಮಲ್ಲಪ್ಪ. ಕಂಪ್ಯೂಟರ್‌ಗೆ ಅರಿಶಿನ ನೀವೇ ಹಚ್ಚಿ." ಆಮೇಲೆ ಸೇರಿಸಿದರು, "ಕಾಗದಕ್ಕೆ ಮಾತ್ರ ನನ್ನ ಕೇಳ್ದೆ ಹಚ್ಬೇಡಿ."

ಎಲ್ಲರೂ ನಕ್ಕರು. ಭಾಗ್ಯಮ್ಮ ಮಾತ್ರ ಖಾಲಿ ಲೋಟಗಳನ್ನು ಜೋಡಿಸುತ್ತಾ ಪರದೆಯನ್ನೇ ನೋಡುತ್ತಿದ್ದರು. "ಎಲ್ಲಾ ಸರಿ ಕಣ್ರೀ. ನಿಮ್ಮ ಹೆಸರೆಲ್ಲಿ?"

ಎಲ್ಲರೂ ಹುಡುಕಿದರು. ತೀರಿಕೊಂಡ ದೊಡ್ಡಪ್ಪ ಇದ್ದರು, ಷಡ್ಡಕರಿದ್ದರು, ಗಿರಣಿಯ ಚೆಲುವಯ್ಯ ಇದ್ದ. ಶಿವಮಲ್ಲಪ್ಪ ಇರಲಿಲ್ಲ.

"ನಂದ್ಯಾಕೆ? ನಾನು ಜೋಡಿಸೋನು" ಎಂದರು ಅವರು, ಅದೊಂದು ಕಾರಣ ಎಂಬಂತೆ.

"ಹಾಕಿ" ಎಂದರು ಭಾಗ್ಯಮ್ಮ, ತಟ್ಟೆಯಲ್ಲಿ ಅನ್ನ ಬಿಟ್ಟ ಮಗುವಿಗೆ ಹೇಳುವ ದನಿಯಲ್ಲಿ.

ಅವರು ತಳದಲ್ಲಿ, ಪ್ರೆಸ್ಸಿನ ಹೆಸರಿನ ಕೆಳಗೆ, ಒಂದೊಂದೇ ಅಕ್ಷರ ಒತ್ತಿದರು: ‘ಜೋಡಣೆ: ಶಿವಮಲ್ಲಪ್ಪ.’ ಕತ್ತು ಓರೆ ಮಾಡಿ ನೋಡಿದರು. ಆಮೇಲೆ ನಿಧಾನವಾಗಿ ಕತ್ತನ್ನು ನೆಟ್ಟಗೆ ಮಾಡಿ, ಇನ್ನೊಮ್ಮೆ ಓದಿದರು.

ಚನ್ನಬಸವಯ್ಯನವರು ಟೇಪು ಮಡಿಚುತ್ತಾ ಕೆಮ್ಮಿದರು. "ಭಾವ, ತಪ್ಪು ತಿಳೀಬೇಡಿ. ನಿಮ್ಮ ಹೆಸರು ನನ್ನದಕ್ಕಿಂತ ಅರ್ಧ ಮಿಲಿಮೀಟರ್ ದೊಡ್ಡದಿದೆ."

"ಇರ್ಲಿ ಬುಡಿ ಭಾವ" ಎಂದು ಶಿವಮಲ್ಲಪ್ಪನವರು ಬೆರಳನ್ನು ಕೀಲಿಮಣೆಯ ಕಡೆಗೆ ಒಯ್ದರು.

ಲಾಸ್ಯ ಮೂರು ತಿಂಗಳ ಅಭ್ಯಾಸಬಲದಿಂದ ಕಿರುಚಿದಳು: "ಅಂಕಲ್, ಬಿಚ್ಬೇಡಿ!"

"ಇಲ್ಲ ಮೇಡಮ್ಮೋರೆ" ಎಂದರು ಅವರು, ಯಾರಿಂದಲೂ ಹೇಳಿಸಿಕೊಳ್ಳದೆ ಸೇವ್ ಒತ್ತುತ್ತಾ. "ಇದು ಇರ್ಲಿ."